ಕಡತವನ್ನು ಕಳುಹಿಸುವ ಬಗೆ

ವಿದ್ಯಾರ್ಥಿವೇತನಕ್ಕಾಗಲಿ ಪರೀಕ್ಷೆಗಾಗಲಿ, ಇಂದಿನ ಅರ್ಜಿಯೊಡನೆ ಭಾವಚಿತ್ರವನ್ನೂ ಅಂಕಪಟ್ಟಿಯ ಪ್ರತಿಯನ್ನೂ ಅಂತರಜಾಲದ ಮೂಲಕವೇ ಕಳುಹಿಸಬೇಕಾಗುತ್ತದೆ. ಹೆಸರು, ವಿಳಾಸಗಳು ಸರಿಯಾಗಿ ತಲಪಿದರೂ ಚಿತ್ರವು ಮಾತ್ರ ಅತ್ತ ಕಡೆ ತೆರೆಯದೆ ಹೋಗುವುದುಂಟು. ಅರ್ಜಿಯು ತಿರಸ್ಕೃತವಾಗಲು ಅಷ್ಟೇ ಸಾಕು. ಇದರ ಒಂದು ಮುಖ್ಯ ಕಾರಣವನ್ನು ಇಲ್ಲಿ ವಿಚಾರಿಸೋಣ.

ಗಣಕಯಂತ್ರದೊಳಗೆ ಎಲ್ಲವೂ ಸಂಖ್ಯೆಗಳೇ. ಎಂಟು ಬಿಟ್ಟುಗಳು ಸೇರಿ ಒಂದು ಬೈಟು. ಅದರ ಬೆಲೆ ೦ ಯಿಂದ ೨೫೫ರ ವರೆಗೆ ಇರಬಹುದು. ಬರಹದ ಕಡತದಲ್ಲಿ ಈ ಸಂಖ್ಯೆಗಳು ಒಂದು ಕಟ್ಟಳೆಗೆ ಒಳಪಟ್ಟು ಅಕ್ಷರಗಳನ್ನು ಸೂಚಿಸುತ್ತವೆ. ಚಿತ್ರ, ಧ್ವನಿ ಮೊದಲಾದವುಗಳ ಕಡತಗಳಿಗೆ ಆ ಕಟ್ಟಳೆಯಿಲ್ಲ. ಇವನ್ನೇ ಬೈನರಿ ಕಡತಗಳೆನ್ನುವುದು. ಜೆಪೆಗ್ ಚಿತ್ರದ ಮೊದಲನೆಯ ಬೈಟು ೨೫೫. ಇಂದು ಬಳಕೆಯಲ್ಲಿರುವ ಯುಟಿಎಫ್-೮ ಎಂಬ ಅಕ್ಷರಕ್ರಮದಲ್ಲಿ ಆ ಸಂಖ್ಯೆಗೆ ಸ್ಥಾನವೇ ಇಲ್ಲ. ಚಿತ್ರವನ್ನು ಬರಹವೆಂದು ಬಗೆದು ಓದುವ ತಂತ್ರಾಂಶವು ಸಾಮಾನ್ಯವಾಗಿ ಅಲ್ಲಿ 'ತಿಳಿಯದ ಅಕ್ಷರ'ವೆಂಬ ಚಿಹ್ನೆಯನ್ನಿಡುತ್ತದೆ. ಆ ಚಿಹ್ನೆಗೆ ಮೂರು ಬೈಟುಗಳು! ಮೂಲದ ಸಂಖ್ಯೆ ಅಳಿದುಹೋಯಿತು. ಅದನ್ನು ಮರಳಿ ಪಡೆಯುವಂತಿಲ್ಲ.

ಇದಕ್ಕೆ ಪರಿಹಾರ ಎರಡು ಬಗೆ. ಮೊದಲನೆಯದು, ಬೈಟುಗಳಿಗೆ ಅಕ್ಷರದ ವೇಷ ತೊಡಿಸುವುದು. ೧೯೮೨ರ ಮಿಂಚಂಚೆಯ ನಿಯಮದಲ್ಲಿ ಏಳು ಬಿಟ್ಟುಗಳ ಅಕ್ಷರಗಳಿಗೆ ಮಾತ್ರ ಅವಕಾಶವಿತ್ತು. ಚಿತ್ರಗಳೂ ಅದೇ ದಾರಿಯಲ್ಲಿ ಸಾಗಲೆಂದು ೧೯೯೨ರಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬವರು ರಚಿಸಿದ 'ಮೈಮ್' ನಿಯಮಾವಳಿಯಲ್ಲಿ 'ಬೇಸ್-೬೪' ಕ್ರಮವನ್ನು ಸೇರಿಸಿದರು. ಮೂರು ಬೈಟುಗಳ ೨೪ ಬಿಟ್ಟುಗಳನ್ನು ಆರಾರರಂತೆ ನಾಲ್ಕು ಪಾಲು ಮಾಡಿ, ಒಂದೊಂದು ಪಾಲಿಗೂ ೬೪ ಗುರುತುಗಳಲ್ಲಿ ಒಂದನ್ನು ಕೊಡುವುದೇ ಇದರ ರೀತಿ. ನಮ್ಮ 'ಕ' ಅಕ್ಷರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಯುಟಿಎಫ್-೮ರಲ್ಲಿ ಅದರ ಬೈಟುಗಳು ೨೨೪, ೧೭೮, ೧೪೯. ಪಾಲು ಮಾಡಿದರೆ ೫೬, ೧೧, ೧೦, ೨೧ ಬರುತ್ತವೆ. ಅವುಗಳ ಗುರುತುಗಳು ಕ್ರಮವಾಗಿ ನಾಲ್ಕು ಎಂಬ ಅಂಕಿ ಮತ್ತು ಇಂಗ್ಲಿಷಿನ ಎಲ್, ಕೆ, ವಿ ಎಂಬ ದೊಡ್ಡಕ್ಷರಗಳು. ಮೂರು ಇದ್ದದ್ದು ನಾಲ್ಕಾದುದರಿಂದ ಮೂರು ಲಕ್ಷ ಬೈಟುಗಳ ಚಿತ್ರವು ನಾಲ್ಕು ಲಕ್ಷಕ್ಕೆ ಏರುತ್ತದೆ. ಹೀಗಿದ್ದರೂ, ಬರಹವನ್ನು ಮಾತ್ರ ಒಪ್ಪುವ 'ಜೇಸನ್' ಮಾದರಿಯ ಪತ್ರದೊಳಗೇ ಚಿತ್ರವನ್ನು ಸೇರಿಸಬೇಕಾದಾಗ ಈ ಕ್ರಮವೇ ರೂಢಿ.

ಎರಡನೆಯದು, ಬೈಟುಗಳನ್ನು ಇದ್ದಂತೆಯೇ ಕಳುಹಿಸುವುದು. ಜಾಲತಾಣಗಳ ವ್ಯವಹಾರ ನಡೆಯುವ ಎಚ್‌ಟಿಟಿಪಿ ನಿಯಮವು ಎಂಟು ಬಿಟ್ಟುಗಳನ್ನೂ ಹಾಗೆಯೇ ಸಾಗಿಸಬಲ್ಲದು. ಅರ್ಜಿಯ ವಿವರಗಳೊಡನೆ ಕಡತವನ್ನೂ ಇಡುವ ಕ್ರಮವು ೧೯೯೫ರಲ್ಲಿ ಪ್ರಕಟವಾಯಿತು. ಇದರಲ್ಲಿ ಭಾಗ ಭಾಗಗಳ ನಡುವೆ ಎಲ್ಲೆಯ ಗೆರೆಯೊಂದಿರುತ್ತದೆ. ಒಂದೊಂದು ಭಾಗದ ತಲೆಯ ಮೇಲೂ ಅದರ ಹೆಸರು, ಕಡತವಾದರೆ ಅದರ ಜಾತಿಯೂ ಇರುತ್ತದೆ. ಎಲ್ಲೆಯ ಗುರುತು ಕಡತದೊಳಗೆ ಎಲ್ಲಿಯೂ ಬರಬಾರದು. ಬಂದರೆ ಕಡತವು ಅಲ್ಲಿಗೇ ಮುಗಿಯಿತೆಂದು ಎದುರಿನ ಯಂತ್ರವು ತಿಳಿಯುತ್ತದೆ.

ಎರಡು ಮಾರ್ಗಗಳಲ್ಲಿ ಯಾವುದು ಮೇಲು ಎಂಬುದಕ್ಕಿಂತ, ಕಳುಹಿಸುವವನೂ ಪಡೆಯುವವನೂ ಒಂದೇ ಕಟ್ಟಳೆಗೆ ಬದ್ಧರಾಗಿರುವುದು ಮುಖ್ಯ. ಆದುದರಿಂದ ಇಂಥ ಸೇವೆಗೆ ತಂತ್ರಾಂಶ ಬರೆಯುವವರು ಮೊದಲು ಅದರ ನಿಯಮವನ್ನು ಓದಬೇಕು. ಅರ್ಜಿ ಸಲ್ಲಿಸುವ ನಾವು, ಅವಕಾಶವಿದ್ದಲ್ಲಿ, ಕಳುಹಿಸಿದ ಚಿತ್ರವನ್ನು ಅಲ್ಲಿಂದಲೇ ಮರಳಿ ತೆರೆದು ನೋಡಬೇಕು. ತಲಪಿತೆಂಬ ಸಂದೇಶದಿಂದ ತಿಳಿಯುವುದು ಬೈಟುಗಳು ಹೋದವೆಂದು ಮಾತ್ರ, ಚಿತ್ರ ಉಳಿಯಿತೆಂದಲ್ಲ.