ಹೂಗೊಂಚಲಿನ ಬಾಯಾರಿಕೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಒಣಹವೆಯಲ್ಲಿ ಹಿತ್ತಲಿನ ಸೇವಂತಿಗೆಯನ್ನು ಕೊಯ್ದು ತಂಬಿಗೆಯಲ್ಲಿರಿಸಿದರೆ, ನೀರು ತುಂಬಿದ್ದರೂ ಅದು ಸಂಜೆಗೇ ಬಾಡುವುದುಂಟು. ಕಾರಣವೇನು? ಎಲೆಗಳಿಂದ ನೀರು ಆವಿಯಾದಂತೆ, ದಂಟಿನ ಕೂದಲೆಳೆಯಂತಹ ನಾಳಗಳಲ್ಲಿರುವ ನೀರಿನ ಎಳೆಯು ಮೇಲಕ್ಕೆ ಸೆಳೆಯಲ್ಪಡುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಡದೆ ಹಿಡಿದಿರುವುದರಿಂದಲೇ ಇದು ಸಾಧ್ಯವೆಂದು ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಪ್ರತಿಪಾದಿಸಿದರು. ಹೂವನ್ನು ಕೊಯ್ದೊಡನೆ ಆ ಎಳೆಯು ಒಳಸರಿದು, ತೆರೆದ ತುದಿಯಲ್ಲಿ ಗಾಳಿ ಹೊಗುತ್ತದೆ. ಗಾಳಿಗುಳ್ಳೆ ಸಿಕ್ಕಿತೆಂದರೆ ಎಳೆಯೇ ಕಡಿದಂತೆ!

ಆದುದರಿಂದ ಮುಂಜಾನೆಯೇ ಕೊಯ್ದು, ದಂಟನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ, ನೀರಿನೊಳಗೇ ಒಂದಂಗುಲ ಮತ್ತೆ ಕತ್ತರಿಸಬೇಕು. ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆಯೋಣ. ಅವು ಕೊಳೆತರೆ ಬ್ಯಾಕ್ಟೀರಿಯಗಳು ಬೆಳೆದು ನಾಳಗಳ ಬಾಯಿ ಮುಚ್ಚುತ್ತವೆ. ನೀರನ್ನು ದಿನವೂ ಬದಲಿಸಬೇಕು. ಸೇವಂತಿಗೆಯೊಡನೆ ನಾಲ್ಕಾರು ಚೆಂಡುಹೂ, ಒಂದೆರಡು ಬಿಳಿಜೋಳದ ತೆನೆ — ಪೇಟೆಯ ಕಾಗದದ ಹೂಗಳಿಗಿಂತ ನಮಗಂತೂ ಇದೇ ಮೆಚ್ಚು. ತೆನೆಯು ಒಣಗಿದರೂ ಅದರ ಚೆಲುವು ಕೆಡದು.