ಸಹಿ ಹಾಕುವ ಮುನ್ನ ಓದಬೇಕಾದ ಪತ್ರ

ಕೆಲವು ವಾರಗಳ ಹಿಂದೆ, ಭಾನುವಾರದ ಬಲಿಪೂಜೆ ಮುಗಿದು ಜನರು ಚದುರುತ್ತಿದ್ದ ಹೊತ್ತಿನಲ್ಲಿ, ಕಡಬದ ಕಡೆಯಿಂದ ತುಮಕೂರಿಗೆ ಬಂದಿದ್ದ ತಂದೆ–ಮಗ ಇಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಮಗನಿಗೆ ಬೆಂಗಳೂರಿನ ಖಾಸಗಿ ಕಂಪೆನಿಯೊಂದರಲ್ಲಿ ವಿಭಾಗದ ಮುಖ್ಯಸ್ಥನ ಹುದ್ದೆ ದೊರೆತಿತ್ತು. ಹದಿನಾಲ್ಕು ಪುಟಗಳ ನೇಮಕಾತಿ ಪತ್ರವನ್ನು ತಂದೆ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಜೋಪಾನವಾಗಿ ತಂದಿದ್ದರು. "ಎಲ್ಲೆಲ್ಲಿ ಸಹಿ ಹಾಕಬೇಕು ಅಂತ ಅವರೇ ಗುರುತು ಮಾಡಿ ಕಳಿಸಿದ್ದಾರೆ ಸಾರ್. ಗುರುವಾರದೊಳಗೆ ತಲುಪಬೇಕಂತೆ. ದೇವರ ದಯೆ, ಇನ್ನು ಓದುವುದೇನಿದೆ?" ಎಂಬುದು ತಂದೆಯವರ ಮಾತು. ಮಗ ಮಾತ್ರ ತಗ್ಗಿದ ದನಿಯಲ್ಲಿ, "ಅಪ್ಪಾ, ಒಂಬತ್ತನೇ ಪುಟ ನನಗೆ ಅರ್ಥವಾಗಲಿಲ್ಲ" ಎಂದನು.

ಆ ತಂದೆಯವರ ನಿಶ್ಚಿಂತೆಗೆ ಕಾರಣವಿತ್ತು. ಅವರು ದುಡಿದದ್ದು ತುಮಕೂರಿನ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆಯಲ್ಲಿ. ಅಲ್ಲಿ ನೇಮಕಾತಿ ಆದೇಶ ಒಂದೇ ಹಾಳೆಯದಾಗಿದ್ದರೂ ಅದರ ಬೆನ್ನಿಗೆ ಸ್ಥಾಯಿ ನಿಯಮಗಳಿದ್ದವು, ಕಾರ್ಮಿಕ ಸಂಘವಿತ್ತು, 1947ರ ಕೈಗಾರಿಕಾ ವಿವಾದ ಕಾಯಿದೆಯಿತ್ತು. ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ತೀರ್ಮಾನಿಸಿತು. ಈಗ ವಸಂತನರಸಾಪುರದಲ್ಲಿ ಕಾರ್ಖಾನೆಗಳ ಸಾಲೇ ಎದ್ದಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್.ಎ.ಎಲ್.ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಿತು. ನಮ್ಮ ಧರ್ಮಕೇಂದ್ರಗಳ ಮಕ್ಕಳು ಯಂತ್ರದ ಮುಂದೆ ನಿಲ್ಲುವುದರ ಜೊತೆಗೆ ವ್ಯವಸ್ಥಾಪಕರಾಗಿ, ಹಣಕಾಸು ಮುಖ್ಯಸ್ಥರಾಗಿ, ಆಸ್ಪತ್ರೆಗಳ ಆಡಳಿತಾಧಿಕಾರಿಗಳಾಗಿ ಹೋಗುವ ಕಾಲ ಬಂದಿದೆ. ಇದು ಸಂತೋಷದ ಸಂಗತಿ. ಆದರೆ ತಂದೆಯನ್ನು ಕಾಯ್ದ ಕಾನೂನು ಮಗನನ್ನೂ ಕಾಯುತ್ತದೆಂದು ತಿಳಿದರೆ ಅಲ್ಲಿ ಎಡವುತ್ತೇವೆ.

ಹುದ್ದೆ ಏರಿದಷ್ಟೂ ಕಾರ್ಮಿಕ ಕಾನೂನಿನ ನೆರಳು ಕಿರಿದಾಗುತ್ತ ಹೋಗುತ್ತದೆ. ಹಳೆಯ ಕೈಗಾರಿಕಾ ವಿವಾದ ಕಾಯಿದೆಯಾಗಲಿ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಾಗಲಿ, ಆಡಳಿತ ಅಥವಾ ವ್ಯವಸ್ಥಾಪಕ ಕೆಲಸ ಮಾಡುವವರನ್ನು ಕಾರ್ಮಿಕರೆಂದು ಪರಿಗಣಿಸುವುದಿಲ್ಲ. ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರೂ ಹೊಸ ಸಂಹಿತೆಯ ಪ್ರಕಾರ ಆ ವರ್ಗದಿಂದ ಹೊರಗೇ. ಕೆಲಸದಿಂದ ತೆಗೆದುಹಾಕಲ್ಪಟ್ಟ ಕಾರ್ಮಿಕನು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಿ ಕೆಲಸವನ್ನೇ ಮರಳಿ ಕೇಳಬಹುದು. ಖಾಸಗಿ ಕಂಪೆನಿಯ ವ್ಯವಸ್ಥಾಪಕನಿಗೆ ಸಾಮಾನ್ಯವಾಗಿ ಆ ಬಾಗಿಲಿಲ್ಲ. ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರ ಕೇಳಬಹುದು, ಅಷ್ಟೆ. ಆ ಪರಿಹಾರವೂ ಹೆಚ್ಚಾಗಿ ಪತ್ರದಲ್ಲಿ ಬರೆದ ನೋಟಿಸ್ ಅವಧಿಯ ಸಂಬಳದ ಸುತ್ತಲೇ ನಿಲ್ಲುತ್ತದೆ.

ಬೆಂಗಳೂರಿನ ಹಳಬರು ಬಿನ್ನಿ ಮಿಲ್ಲನ್ನು ಬಲ್ಲರು. ಅದೇ ಬಿನ್ನಿ ಕಂಪೆನಿಯ ಆಡಳಿತ ವರ್ಗದ ನೌಕರರನ್ನು ಒಪ್ಪಂದದ ಒಂದು ಷರತ್ತಿನ ಆಧಾರದ ಮೇಲೆ ಕೆಲಸದಿಂದ ಬಿಡಿಸಿದಾಗ ಅವರು ರಿಟ್ ಅರ್ಜಿಯ ಮೂಲಕ ನ್ಯಾಯ ಕೇಳಿದರು. 2005ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಇದು ಖಾಸಗಿ ಒಪ್ಪಂದದ ವಿಷಯವಾದ ಕಾರಣ ರಿಟ್ ಇಲ್ಲಿ ಸಲ್ಲದು, ಸಿವಿಲ್ ನ್ಯಾಯಾಲಯದ ದಾರಿ ಹಿಡಿಯಬಹುದು ಎಂದು ತೀರ್ಪಿತ್ತಿತು. ವರ್ಷಗಳ ಹೋರಾಟದ ಕೊನೆಗೆ ಮತ್ತೆ ಮೊದಲ ಮೆಟ್ಟಿಲು! ಹೀಗಿರುವಾಗ ಉನ್ನತ ಹುದ್ದೆಯವನಿಗೆ ಇರುವ ಮುಖ್ಯ ಆಸರೆ ಅವನು ಸಹಿ ಹಾಕುವ ಪತ್ರವೇ ಹೊರತು ಬೇರೆಯಲ್ಲ. ಸಹಿ ಬೀಳುವವರೆಗೆ ಆ ಪತ್ರವನ್ನು ತಿದ್ದಿಸಬಹುದು. ಸಹಿ ಬಿದ್ದ ಮೇಲೆ ಅದೇ ನಮ್ಮನ್ನು ತಿದ್ದುತ್ತದೆ.

ಶುಭಸಂದೇಶದಲ್ಲಿ ದ್ರಾಕ್ಷಾತೋಟದ ಆಳುಗಳ ಸಾಮತಿಯನ್ನು ನಾವೆಲ್ಲರೂ ಕೇಳಿದ್ದೇವೆ. ಅದನ್ನು ದೇವರ ಔದಾರ್ಯದ ಕಥೆಯಾಗಿ ಬೋಧಿಸುತ್ತಾರೆ, ಅದು ಸರಿಯೇ. ಆದರೆ ವಕೀಲರ ಕಣ್ಣಿನಿಂದ ನೋಡಿದರೆ ಅಲ್ಲಿ ಮತ್ತೊಂದು ಸೂಕ್ಷ್ಮವಿದೆ. ಮುಂಜಾನೆ ಬಂದವರು ದಿನಕ್ಕೆ ಒಂದು ನಾಣ್ಯವೆಂದು ಮೊದಲೇ ಒಪ್ಪಿಕೊಂಡವರು. ಸಂಜೆ ಅವರು ಗೊಣಗಿದಾಗ ಯಜಮಾನನು ತೋರಿಸಿದ್ದು ಆ ಒಪ್ಪಂದವನ್ನೇ. ತಡವಾಗಿ ಬಂದವರಿಗೆ ನಿಗದಿಯಾದ ಕೂಲಿಯೇ ಇರಲಿಲ್ಲ. ಅವರು ನಂಬಿದ್ದು ಯಜಮಾನನ ಒಳ್ಳೆಯತನವನ್ನು. ಆ ಯಜಮಾನನು ಒಳ್ಳೆಯವನಾಗಿದ್ದ. ಮಾವ ಲಾಬಾನನು ಯಕೋಬನ ಸಂಬಳವನ್ನು ಹತ್ತು ಸಲ ಬದಲಾಯಿಸಿದ್ದೂ ಅದೇ ಪವಿತ್ರ ಗ್ರಂಥದಲ್ಲಿದೆ. ಕಂಪೆನಿಗಳಲ್ಲಿ ಎರಡೂ ಬಗೆಯವರಿದ್ದಾರೆ.

ಬರಹದ ಬೆಲೆ ಕಡಬದವರಿಗೆ ಹೊಸದಾಗಿ ಹೇಳಬೇಕಾದುದೂ ಅಲ್ಲ. ರಾಷ್ಟ್ರಕೂಟ ಮೂರನೆಯ ಗೋವಿಂದನ ಹೆಸರಿನ, ಶಕವರ್ಷ 735ರ ಕಾಲಮಾನ ಹೊತ್ತ ಕಡಬದ ತಾಮ್ರಶಾಸನವನ್ನು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ. ಜಾಲಮಂಗಲವೆಂಬ ಊರನ್ನು ಅರ್ಕಕೀರ್ತಿಯೆಂಬ ಜೈನ ಮುನಿಗೆ ದಾನವಿತ್ತ ಸಂಗತಿ ಅದರಲ್ಲಿದೆ. ಅರಸನ ಬಾಯಿಮಾತನ್ನೂ ತಾಮ್ರದ ಹಲಗೆಗೆ ಇಳಿಸಿದ ಊರು ಅದು.

ಇನ್ನು ಒಂಬತ್ತನೇ ಪುಟಕ್ಕೆ ಬರೋಣ. ಅದರಲ್ಲಿದ್ದುದು ಬಾಂಡ್ ಮತ್ತು ನಿರ್ಬಂಧಗಳ ವಿಷಯ. ಇಂತಿಷ್ಟು ವರ್ಷ ಕೆಲಸ ಮಾಡದೆ ಬಿಟ್ಟರೆ ಇಂತಿಷ್ಟು ಹಣ ಕಟ್ಟಬೇಕು. ಬಿಟ್ಟ ಮೇಲೂ ಪ್ರತಿಸ್ಪರ್ಧಿ ಕಂಪೆನಿಗೆ ಎರಡು ವರ್ಷ ಸೇರಕೂಡದು. "ಬಾಂಡ್ ಎಲ್ಲ ಬೆದರಿಕೆಗಷ್ಟೇ, ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ" ಎಂದು ಯಾರೋ ಆ ತರುಣನಿಗೆ ಧೈರ್ಯ ಹೇಳಿದ್ದರಂತೆ. ಈ ಮಾತು ಅರ್ಧ ಸತ್ಯ, ಆದುದರಿಂದಲೇ ಅಪಾಯಕಾರಿ.

ನಮ್ಮ ಕರಾವಳಿಯಲ್ಲಿ 1931ರಲ್ಲಿ ಹುಟ್ಟಿ, 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಪ್ರಕರಣವನ್ನೇ ನೋಡಿ. 2007ರಲ್ಲಿ ಅಧಿಕಾರಿಯೊಬ್ಬರು ಆ ಬ್ಯಾಂಕಿನಲ್ಲಿ ಹಿರಿಯ ವ್ಯವಸ್ಥಾಪಕರ ಹುದ್ದೆಗೆ ಸೇರಿದರು. ಮೂರು ವರ್ಷ ಸೇವೆ ಸಲ್ಲಿಸದೆ ಬಿಟ್ಟರೆ 2 ಲಕ್ಷ ರೂಪಾಯಿ ತೆರಬೇಕೆಂಬುದು ಷರತ್ತು. ಎರಡು ವರ್ಷ ತುಂಬುವ ಮೊದಲೇ, 2009ರ ಜುಲೈನಲ್ಲಿ, ಮತ್ತೊಂದು ಬ್ಯಾಂಕಿಗೆ ಹೋಗಲು ಅವರು ರಾಜೀನಾಮೆಯಿತ್ತರು. ಪ್ರತಿಭಟನೆ ದಾಖಲಿಸಿ ಹಣ ಕಟ್ಟಿ, ಅದನ್ನು ಮರಳಿ ಕೊಡಿಸಬೇಕೆಂದು ಕರ್ನಾಟಕ ಹೈಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಅವರ ಪರವಾಗಿಯೇ ತೀರ್ಪು ಬಂತು. ಆದರೆ 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ ಬ್ಯಾಂಕಿನ ಷರತ್ತನ್ನು ಎತ್ತಿಹಿಡಿಯಿತು. ಕೆಲಸದ ಅವಧಿಗೆ ಸಂಬಂಧಿಸಿದ ಇಂತಹ ಷರತ್ತು 1872ರ ಕರಾರು ಕಾಯಿದೆಯ 27ನೇ ಕಲಮಿಗೆ ವಿರುದ್ಧವಲ್ಲ. ಸರ್ಕಾರಿ ಬ್ಯಾಂಕು ಬಹಿರಂಗ ನೇಮಕಾತಿಗೆ ಮತ್ತೆ ವೆಚ್ಚ ಮಾಡಬೇಕಾಗುತ್ತದೆ. ಹಿರಿಯ ವ್ಯವಸ್ಥಾಪಕರ ಸಂಬಳಕ್ಕೆ 2 ಲಕ್ಷ ಅತಿಯಾದ ಮೊತ್ತವೂ ಅಲ್ಲ ಎಂಬುದು ಅದರ ವಿಚಾರಸರಣಿ. ಅಚ್ಚು ಹಾಕಿದ ಒಪ್ಪಂದಗಳಲ್ಲಿ ನೌಕರನ ಕೈ ಕೆಳಗಿರುತ್ತದೆಂಬುದನ್ನೂ, ಷರತ್ತು ಸಾರ್ವಜನಿಕ ಹಿತಕ್ಕೆ ವಿರುದ್ಧವಲ್ಲವೆಂದು ತೋರಿಸುವ ಹೊಣೆ ನೇಮಿಸಿಕೊಳ್ಳುವವರದೇ ಎಂಬುದನ್ನೂ ಅದೇ ತೀರ್ಪು ನೆನಪಿಸಿತು. ಹಾಗಾಗಿ ಪ್ರತಿಯೊಂದು ಖಾಸಗಿ ಕಂಪೆನಿಯ ಪ್ರತಿಯೊಂದು ಬಾಂಡೂ ಗೆಲ್ಲುತ್ತದೆಂದು ಇದರ ಅರ್ಥವಲ್ಲ. ಕರಾರು ಕಾಯಿದೆಯ 74ನೇ ಕಲಮಿನಂತೆ ನ್ಯಾಯಾಲಯ ಕೊಡಿಸುವುದು ನ್ಯಾಯವಾದ ಪರಿಹಾರವನ್ನು ಮಾತ್ರ; ಬರೆದ ಮೊತ್ತ ಅದರ ಮೇಲ್ಮಿತಿ.

ಕೆಲಸ ಬಿಟ್ಟ ನಂತರದ ನಿರ್ಬಂಧದ ಮಾತು ಬೇರೆ. ಒಪ್ಪಂದದ ಅವಧಿಯೊಳಗೆ ಪ್ರತಿಸ್ಪರ್ಧಿಯ ಬಳಿ ದುಡಿಯಕೂಡದೆಂಬ ಷರತ್ತನ್ನು ಸರ್ವೋಚ್ಚ ನ್ಯಾಯಾಲಯ 1967ರ ಸೆಂಚುರಿ ಸ್ಪಿನ್ನಿಂಗ್ ಪ್ರಕರಣದಲ್ಲಿ ಒಪ್ಪಿತು. ಬಿಟ್ಟ ಮೇಲೂ ಹೊಟ್ಟೆಪಾಡಿನ ವೃತ್ತಿಯನ್ನು ತಡೆಯುವ ಷರತ್ತನ್ನು 1980ರ ಸೂಪರಿಂಟೆಂಡೆನ್ಸ್ ಕಂಪೆನಿ ಪ್ರಕರಣದಲ್ಲಿ ಒಪ್ಪಲಿಲ್ಲ. ಆದರೆ ವ್ಯಾಪಾರದ ಗುಟ್ಟು, ಗ್ರಾಹಕರ ಪಟ್ಟಿ ಇತ್ಯಾದಿಗಳನ್ನು ಹೊತ್ತೊಯ್ಯುವ ಹಕ್ಕು ಯಾರಿಗೂ ಇಲ್ಲ. ಅದನ್ನು ಮಾಡಬೇಡವೆನ್ನಲು ನಮ್ಮವರಿಗೆ ವಕೀಲರು ಬೇಕಿಲ್ಲ, ಏಳನೆಯ ಕಟ್ಟಳೆ ಸಾಕು.

ಹೊರಹೋಗುವಾಗಿನ ಲೆಕ್ಕವನ್ನು ಒಳಬರುವಾಗ ಮಾತನಾಡುವುದು ನಮ್ಮಲ್ಲಿ ಅಪಶಕುನವೆಂಬಂತಾಗಿದೆ. ಮದುವೆಯ ಚಪ್ಪರದಲ್ಲಿ ಯಾರಾದರೂ ತಿಥಿಯ ಮಾತೆತ್ತುವರೇ ಎಂದು ಹಿರಿಯರೊಬ್ಬರು ನಮ್ಮನ್ನೇ ಕೇಳಿದ್ದುಂಟು. ಆದರೂ ಇನ್ಫೋಸಿಸ್‌ನ ಮುಖ್ಯ ಹಣಕಾಸು ಅಧಿಕಾರಿಯಾಗಿದ್ದ ರಾಜೀವ್ ಬನ್ಸಲ್ ಅವರ ಪ್ರಕರಣವನ್ನು ಗಮನಿಸಬೇಕು. 2015ರಲ್ಲಿ ಅವರು ಹೊರನಡೆದಾಗ 17.38 ಕೋಟಿ ರೂಪಾಯಿ ಕೊಡಲು ಒಪ್ಪಂದವಾಯಿತು. ಸುಮಾರು 5.2 ಕೋಟಿ ಕೊಟ್ಟ ಮೇಲೆ ಟೀಕೆಗಳೆದ್ದು ಕಂಪೆನಿ ಉಳಿದದ್ದನ್ನು ತಡೆಹಿಡಿಯಿತು. ವಿವಾದ ಮಧ್ಯಸ್ಥಿಕೆಗೆ ಹೋಗಿ, 2018ರ ಸೆಪ್ಟೆಂಬರ್‌ನಲ್ಲಿ ಬಾಕಿ 12.17 ಕೋಟಿಯನ್ನು ಬಡ್ಡಿಸಹಿತ ಕೊಡಬೇಕೆಂದು ತೀರ್ಮಾನವಾಯಿತು. ಮೊತ್ತ ಅಷ್ಟು ದೊಡ್ಡದಾಗಿರಬೇಕಿತ್ತೇ ಎಂಬ ಬಗ್ಗೆ ನಮಗೂ ಸಂಶಯವಿದೆ. ಅದು ಬೇರೆ ಚರ್ಚೆ. ಒಪ್ಪಂದ ಬರಹದಲ್ಲಿ ಇದ್ದುದರಿಂದಲೇ ಅವರು ಗೆದ್ದರೆಂಬುದು ಮಾತ್ರ ಸ್ಪಷ್ಟ. ಮಧ್ಯಸ್ಥಿಕೆಯ ಷರತ್ತು ನಿಮ್ಮ ಪತ್ರದಲ್ಲಿದ್ದರೆ ಅದು ನಡೆಯುವ ಸ್ಥಳ ಯಾವುದೆಂದೂ ನೋಡಿಕೊಳ್ಳಿ. ದೂರದ ದೆಹಲಿಯೆಂದಿದ್ದರೆ ಕಡಬದವನು ಅರ್ಧ ದಾರಿಯಲ್ಲೇ ಸೋತಂತೆ.

ಸಂಬಳದ ಪುಟದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಮುದ್ರಿಸಿರುವ ಅಂಕಿ 'ಸಿ.ಟಿ.ಸಿ.' ಎಂಬುದು. ಕಂಪೆನಿ ಕಟ್ಟುವ ಭವಿಷ್ಯನಿಧಿ, ಐದು ವರ್ಷದ ನಂತರ ಬರಬಹುದಾದ ಗ್ರಾಚ್ಯುಟಿ, ವಿಮೆಯ ಕಂತು, ಸಿಗಲೂಬಹುದು ಸಿಗದಿರಲೂಬಹುದಾದ ಬೋನಸ್ಸು ಎಲ್ಲವೂ ಅದರೊಳಗೆ ಸೇರಿರುತ್ತವೆ. ತಿಂಗಳಿಗೆ ಕೈಗೆ ಬರುವುದೆಷ್ಟು ಎಂದು ಕೇಳುವುದರಲ್ಲಿ ನಾಚಿಕೆಯೇನಿಲ್ಲ. ನಿಗದಿತ ಅವಧಿಯ ನೇಮಕವಾದರೆ, ಹೊಸ ಸಾಮಾಜಿಕ ಭದ್ರತಾ ಸಂಹಿತೆಯಂತೆ ಗ್ರಾಚ್ಯುಟಿಗೆ ಒಂದು ವರ್ಷದ ಸೇವೆ ಸಾಕು. ಇದು ಬಹಳ ಮಂದಿಗೆ ತಿಳಿದಿಲ್ಲ.

ಕಡಬದ ತರುಣನ ಪತ್ರವನ್ನು ಪರಿಚಿತ ವಕೀಲರೊಬ್ಬರ ಮುಂದಿಟ್ಟು ಮೂರು ಅಂಶಗಳನ್ನು ಗುರುತಿಸಿದೆವು. ಬಿಡಬೇಕಾದರೆ ಅವನು ಮೂರು ತಿಂಗಳ ನೋಟಿಸ್ ಕೊಡಬೇಕಿತ್ತು, ಕಂಪೆನಿ ತೆಗೆಯುವುದಾದರೆ ಒಂದೇ ತಿಂಗಳು. ಸಂದರ್ಶನದಲ್ಲಿ ಬಾಯಿಮಾತಿನಲ್ಲಿ ಹೇಳಿದ ಮನೆ ಬಾಡಿಗೆಯ ನೆರವು ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಬದಲಿಗೆ, ಪತ್ರದಲ್ಲಿಲ್ಲದ ಯಾವ ಮಾತೂ ಊರ್ಜಿತವಲ್ಲವೆಂಬ ಸಾಲು ಕೊನೆಯಲ್ಲಿತ್ತು. ಬಿಟ್ಟ ಮೇಲಿನ ಎರಡು ವರ್ಷಗಳ ನಿರ್ಬಂಧ ಮೂರನೆಯದು. "ಕೇಳಿದರೆ ಕೆಲಸವೇ ಕೈತಪ್ಪೀತು" ಎಂದು ತಂದೆ ಅಂಜಿದರು. ಒಬ್ಬನನ್ನು ಆರಿಸಲು ತಿಂಗಳುಗಟ್ಟಲೆ ಹುಡುಕಿದ ಕಂಪೆನಿ ಮೂರು ವಿನಯದ ಪ್ರಶ್ನೆಗಳಿಗೆ ಓಡಿಹೋಗುವುದಿಲ್ಲವೆಂದು ವಕೀಲರು ಸಮಾಧಾನ ಹೇಳಿದರು. ಉತ್ತರ ಬರಲು ಎಂಟು ದಿನ ಹಿಡಿಯಿತು. ಆ ಮನೆಯವರಿಗೆ ಆ ಎಂಟು ದಿನ ಎಂಟು ತಿಂಗಳಾಗಿದ್ದವು. ನೋಟಿಸ್ ಎರಡೂ ಕಡೆಗೆ ಎರಡು ತಿಂಗಳಾಯಿತು, ಮನೆ ಬಾಡಿಗೆ ಬರಹಕ್ಕೆ ಬಂತು. ಎರಡು ವರ್ಷಗಳ ನಿರ್ಬಂಧವನ್ನು ಮಾತ್ರ ಅವರು ತೆಗೆಯಲಿಲ್ಲ. ತಿದ್ದಿದ ಪತ್ರ ಕೈಸೇರಿದ ಮೇಲೆಯೇ ತರುಣನು ಹಳೆಯ ಕಂಪೆನಿಗೆ ರಾಜೀನಾಮೆ ಬರೆದನು. ಈ ಕ್ರಮವನ್ನು ಮರೆತು, ಫೋನಿನ ಮಾತು ನಂಬಿ ಇದ್ದ ಕೆಲಸ ಬಿಟ್ಟು, ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತವರನ್ನೂ ನಾವು ಬಲ್ಲೆವು.

ನಾವು ಸಹಿ ಹಾಕುವವರು ಮಾತ್ರವಲ್ಲ, ಸಹಿ ಹಾಕಿಸಿಕೊಳ್ಳುವವರೂ ಹೌದು. ನಮ್ಮ ಶಾಲೆ, ಕಾಲೇಜು, ಆಸ್ಪತ್ರೆಗಳು ಪ್ರಾಂಶುಪಾಲರನ್ನೂ ಆಡಳಿತಾಧಿಕಾರಿಗಳನ್ನೂ ನೇಮಿಸಿಕೊಳ್ಳುತ್ತವೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ತಮ್ಮ ಮುಖ್ಯಸ್ಥರನ್ನು ಆರಿಸಿಕೊಳ್ಳುವ ಹಕ್ಕಿದೆ. ಸರ್ವೋಚ್ಚ ನ್ಯಾಯಾಲಯವು 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪಿನಲ್ಲಿ ನಮ್ಮ ರಾಜ್ಯದಿಂದಲೇ ಹೋದ ಪ್ರಕರಣದಲ್ಲಿ ಅಲ್ಪಸಂಖ್ಯಾತರ ಆಡಳಿತದ ಹಕ್ಕನ್ನು ವಿಸ್ತಾರವಾಗಿ ವಿವರಿಸಿತು. 2006ರ ಮಲಂಕರ ಸಿರಿಯನ್ ಕಥೋಲಿಕ ಕಾಲೇಜಿನ ಪ್ರಕರಣದಲ್ಲಿ, ಹಿರಿತನವನ್ನಷ್ಟೇ ನೋಡದೆ ಅರ್ಹ ಪ್ರಾಂಶುಪಾಲರನ್ನು ಆರಿಸಬಹುದೆಂದಿತು. ಈ ಹಕ್ಕನ್ನು ನಮ್ಮ ಸಭೆಗಳಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1286ನೇ ಕಲಮನ್ನು ಮಾತ್ರ ಅಷ್ಟಾಗಿ ಹೇಳುವುದಿಲ್ಲ. ಧರ್ಮಸಭೆಯ ಆಸ್ತಿಯನ್ನು ನೋಡಿಕೊಳ್ಳುವವರು ನೌಕರರ ವಿಷಯದಲ್ಲಿ ದೇಶದ ಕಾನೂನನ್ನು ಚಾಚೂ ತಪ್ಪದೆ ಪಾಲಿಸಬೇಕು, ಅವರಿಗೂ ಅವರ ಅವಲಂಬಿತರಿಗೂ ಸಾಲುವಷ್ಟು ನ್ಯಾಯವಾದ ವೇತನ ಕೊಡಬೇಕು ಎಂಬುದು ಅದರ ಸಾರ. ಜಗದ್ಗುರು 13ನೇ ಲಿಯೋ ಅವರು 1891ರ ಮೇ 15ರ ವಿಶ್ವಪರಿಪತ್ರದಲ್ಲಿ, ಇಬ್ಬರೂ ಒಪ್ಪಿದ್ದಾರೆಂದ ಮಾತ್ರಕ್ಕೆ ಯಾವ ಕೂಲಿಯೂ ನ್ಯಾಯವಾಗದೆಂದು ಬೋಧಿಸಿದ್ದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು 14ನೇ ಲಿಯೋ ಅವರು ತಾವು ಆ ಹೆಸರನ್ನು ಆರಿಸಿಕೊಳ್ಳಲು ಆ ಪರಿಪತ್ರವೇ ಮುಖ್ಯ ಕಾರಣವೆಂದಿದ್ದಾರೆ.

ಹಲವು ವರ್ಷಗಳ ಹಿಂದೆ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯೊಬ್ಬರು ನಿವೃತ್ತರಾಗುವಾಗ ತಮ್ಮ ಸೇವೆಯ ಕಾಗದಗಳನ್ನು ಹುಡುಕಿ ಸೋತದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಪಡೆದ ಆದೇಶವೇ ಅವರ ಬಳಿ ಇರಲಿಲ್ಲ. ಅಂದಿನ ಸಂಚಾಲಕರು ಬಾಯಲ್ಲಿ ಹೇಳಿದ್ದರು, ಇವರು ಮಾರನೆಯ ದಿನದಿಂದ ಆ ಕುರ್ಚಿಯಲ್ಲಿ ಕುಳಿತಿದ್ದರು. "ನಮ್ಮ ಸ್ವಾಮಿಗಳೇ ಹೇಳಿದ ಮೇಲೆ ಕಾಗದ ಕೇಳುವುದು ಹೇಗೆ?" ಎಂದರು ಆ ತಾಯಿ. ಕೊನೆಗೆ ಹಳೆಯ ಹಾಜರಿ ಪುಸ್ತಕಗಳನ್ನೂ ಸಂಬಳದ ರಿಜಿಸ್ಟರುಗಳನ್ನೂ ತೆಗೆಸಿ, ವರ್ಷ ವರ್ಷವೂ ಅವರ ಸಹಿ ಯಾವ ಹುದ್ದೆಯ ಮುಂದೆ ಬಿದ್ದಿದೆಯೆಂದು ಎಣಿಸಿ ಲೆಕ್ಕ ಹಾಕಬೇಕಾಯಿತು. ಅದಕ್ಕೆ ಏಳು ತಿಂಗಳು ಹಿಡಿಯಿತು. ಈ ಶೈಕ್ಷಣಿಕ ವರ್ಷಾರಂಭದಲ್ಲಿ ಹೊಸ ಪ್ರಾಂಶುಪಾಲರನ್ನೋ ಆಡಳಿತಾಧಿಕಾರಿಯನ್ನೋ ನೇಮಿಸುವ ನಮ್ಮ ಸಂಸ್ಥೆಗಳು ಹುದ್ದೆ, ವೇತನ, ಅವಧಿ, ನೋಟಿಸ್ ಇವಿಷ್ಟನ್ನು ಎರಡು ಹಾಳೆಯಲ್ಲಿ ಬರೆದು, ಸಹಿ ಮಾಡಿದ ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟೇ ಕುರ್ಚಿ ತೋರಿಸಲಿ ಎಂದು ವಿನಂತಿಸುತ್ತೇವೆ.