ಮಂದ್ರದ ಗುಟ್ಟು ಪೆಟ್ಟಿಗೆಯಲ್ಲಿದೆ

ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆಯವರಿಗೆ ಉರುಮೆಯ ಪರಿಚಯ ಹೇಳಬೇಕಿಲ್ಲ. ಬಾಗಿದ ಕೋಲು ಚರ್ಮವನ್ನು ಉಜ್ಜಿದಾಗ ಏಳುವ ಆ ಗುಡುಗು ಎದೆಯನ್ನೇ ತಟ್ಟುತ್ತದೆ. ಅದೇ ವಾದ್ಯ ಟಿ.ವಿ.ಯಲ್ಲಿ ಸಪ್ಪೆಯೆನಿಸಲು ಕಾರಣವಿದೆ: ಸದ್ದಿನ ಕಂಪನಾಂಕ ಅರ್ಧಕ್ಕಿಳಿದರೆ, ಅಷ್ಟೇ ಜೋರು ಕೇಳಿಸಲು ಸ್ಪೀಕರಿನ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. ತೆಳ್ಳನೆಯ ಟಿ.ವಿ.ಯೊಳಗಿನ ಪುಟ್ಟ ಸ್ಪೀಕರಿಗೆ ಅದು ಆಗದ ಮಾತು. 20ರಿಂದ ಸುಮಾರು 100 ಹರ್ಟ್ಸ್‌ವರೆಗಿನ ಈ ಭಾರ ಹೊರಲೆಂದೇ ಸಬ್‌ವೂಫರ್ ಇರುವುದು. ಅದನ್ನು ಕೊಳ್ಳುವುದಕ್ಕಿಂತ ಕಟ್ಟಿಕೊಳ್ಳುವುದೇ ಲೇಸು ಎನ್ನಲು ಬಲವಾದ ಆಧಾರವಿದೆ: ಮಂದ್ರದ ಗುಣವನ್ನು ತೀರ್ಮಾನಿಸುವುದರಲ್ಲಿ ಸ್ಪೀಕರಿನಷ್ಟೇ ಪಾಲು ಪೆಟ್ಟಿಗೆಯದೂ ಇದೆ.

ಕೋನ್ ಮುಂದಕ್ಕೆ ಗಾಳಿ ನೂಕುವಾಗ ಹಿಂದೆ ಎಳೆಯುತ್ತದೆ. ಬಯಲಿನಲ್ಲಿಟ್ಟರೆ ಎರಡೂ ಸೇರಿ ಮಂದ್ರ ಅಳಿಸಿಹೋಗುತ್ತದೆ. ಹಿಂಬದಿಯ ಸದ್ದನ್ನು ಪೂರ್ತಿ ಮುಚ್ಚಿಡುವುದು ಒಂದು ದಾರಿ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಅದನ್ನು ಮನೆಬಳಕೆಗೆ ಒಗ್ಗಿಸಿದರು. ಪೆಟ್ಟಿಗೆಗೆ ಕೊಳವೆ ಕೂರಿಸಿ ಆ ಸದ್ದನ್ನೂ ದುಡಿಸಿಕೊಳ್ಳುವುದು ಇನ್ನೊಂದು. ಖಾಲಿ ಕೊಡದ ಬಾಯಿಗೆ ಊದಿದರೆ ಒಂದೇ ಸ್ವರ ಹೊಮ್ಮುವಂತೆ, ಕೊಳವೆಯ ಪೆಟ್ಟಿಗೆಗೂ ತನ್ನದೇ ಸ್ವರವಿದೆ. 60 ಲೀಟರಿನ ಪೆಟ್ಟಿಗೆಗೆ 10 ಸೆಂ.ಮೀ. ವ್ಯಾಸದ ಪಿವಿಸಿ ಪೈಪನ್ನು ಸುಮಾರು 36 ಸೆಂ.ಮೀ. ಉದ್ದ ಕೂರಿಸಿದರೆ ಆ ಸ್ವರ 30 ಹರ್ಟ್ಸ್. ಪೈಪನ್ನು ಅರ್ಧಕ್ಕೆ ಕತ್ತರಿಸಿದರೆ 39ಕ್ಕೇರುತ್ತದೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲಲ್ಲಿ ಈ ಲೆಕ್ಕವನ್ನು ಸೂತ್ರಕ್ಕಿಳಿಸಿದರು. ಅಂದಿನಿಂದ ಇದು ಅಂದಾಜಿನ ಕೆಲಸವಲ್ಲ. ಸ್ಪೀಕರಿನ ಥೀಲ್–ಸ್ಮಾಲ್ ಅಂಕಿಗಳು ಕೈಲಿದ್ದರೆ, 18 ಮಿ.ಮೀ. ಪ್ಲೈವುಡ್ಡನ್ನು ಗಾಳಿ ಸೋರದಂತೆ ಬೆಸೆಯಬಲ್ಲ ಯಾವ ಊರಿನ ಬಡಗಿಯೂ ಒಳ್ಳೆಯ ಪೆಟ್ಟಿಗೆ ಕಟ್ಟಬಲ್ಲ.

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವಾಗ ಈ ಶ್ರಮವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಪುಟ್ಟ ಸೆಟ್ ಸಾಕೆನ್ನುವವರಿಗೆ ಕೊಳ್ಳುವುದೇ ಸುಲಭ. ಆದರೆ ಚಿಕ್ಕ ಪೆಟ್ಟಿಗೆ, ಆಳದ ಮಂದ್ರ, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಸದ್ದು, ಈ ಮೂರರಲ್ಲಿ ಎರಡು ಮಾತ್ರ ಒಟ್ಟಿಗೆ ದಕ್ಕುತ್ತವೆ. ಇದು ಭೌತಶಾಸ್ತ್ರದ ಕಟ್ಟು. ಸಾಗಣೆಗೂ ಕಪಾಟಿಗೂ ಹೊಂದಬೇಕಾದ ಸರಕು ಚಿಕ್ಕದಾಗಲೇಬೇಕು, ಆಗ ಉಳಿದೆರಡರಲ್ಲಿ ಒಂದು ಕೈತಪ್ಪುತ್ತದೆ. ಕಟ್ಟಿಕೊಳ್ಳುವವನಿಗೆ ಆ ಬಂಧನವಿಲ್ಲ. ಮೂಲೆಯಲ್ಲಿ ಎರಡು ಮೊಳ ಜಾಗ ಬಿಟ್ಟುಕೊಟ್ಟರೆ ಮಿಕ್ಕೆರಡೂ ಅವನವು. ನೆರೆಯವರಿಗೆ ಕಿರಿಕಿರಿ ಎಂಬ ಆಕ್ಷೇಪಕ್ಕೆ ಇನ್ನೂ ಹೆಚ್ಚಿನ ತೂಕವಿದೆ. ಮಂದ್ರ ಗೋಡೆ ದಾಟುತ್ತದೆ, ಎಷ್ಟು ಚೆನ್ನಾಗಿ ಕಟ್ಟಿದರೂ ಅದನ್ನು ತಡೆಯಲಾಗದು. ರಾತ್ರಿ ಸದ್ದು ತಗ್ಗಿಸುವುದು ಕೇಳುವವನ ಹೊಣೆ. ಆದರೆ ಒಳ್ಳೆಯ ಪೆಟ್ಟಿಗೆಯ ಗುರಿ ಮನೆ ನಡುಗಿಸುವುದಲ್ಲ. ತಪ್ಪು ಅಳತೆಯದು ಎಲ್ಲ ಹಾಡಿಗೂ ಒಂದೇ ಗುಂಯ್‌ಗುಡುವಿಕೆಯನ್ನು ಬಳಿಯುತ್ತದೆ. ಅಳತೆ ಕೂಡಿದ್ದು ತಗ್ಗಿದ ಸದ್ದಿನಲ್ಲೂ ಉರುಮೆಯ ಕೋಲು ಎಲ್ಲಿ ಒತ್ತಿತು, ಎಲ್ಲಿ ಸಡಿಲಿಸಿತು ಎಂಬುದನ್ನು ಬಿಡಿಬಿಡಿಯಾಗಿ ಕೇಳಿಸುತ್ತದೆ. ಬಡಗಿಯ ಅಳತೆಪಟ್ಟಿ ದುಡಿಯಬೇಕಾದದ್ದು ಆ ಸ್ಪಷ್ಟತೆಗಾಗಿ.